ಪ ಇಲ್ಲದ ಕೀಲಿಮಣೆ

ಅಜ್ಮಾನಿನಲ್ಲಿ, ಕಾರ್ಮಿಕ ಇಲಾಖೆಯ ಎದುರು ಸಾಲಿನಲ್ಲಿ
ಏಳು ಟೈಪಿಂಗ್ ಸೆಂಟರ್ ಇದ್ದವು. ಈಗ ಎರಡು.
ಒಂದರ ಬೋರ್ಡು ಮಾತ್ರ ಉಳಿದಿದೆ, ಒಳಗೆ ಕರಕ್ ಚಹಾ.
ಇನ್ನೊಂದರಲ್ಲಿ ನಾನು, ಲೈಸೆನ್ಸು ಮುಗಿಯುವವರೆಗೆ.

ಅರಬಿಯಲ್ಲಿ 'ಪ' ಇಲ್ಲ ಮಾರಾಯ್ರೆ, 'ಳ'ವೂ ಇಲ್ಲ.
ಕಾಪುವಿನ ಪದ್ಮನಾಭ ಪೂಜಾರಿ
ನನ್ನ ಬೆರಳಿನಿಂದಿಳಿದು ಬದ್ಮನಾಭ ಬೂಜಾರಿಯಾಗಿ
ಹದಿನೆಂಟು ವರ್ಷ ಕ್ರೇನು ನಡೆಸಿದರು.
"ಸಂಬಳ ಬೂಜಾರಿಗೇ ಬರಲಿ,
ಉಣ್ಣುವುದು ಪೂಜಾರಿಯೇ ಅಲ್ಲವಾ?"

ಒಮ್ಮೆ ತಪ್ಪಿದ ಹೆಸರು
ಪ್ರತಿ ಸಲವೂ ಹಾಗೆಯೇ ತಪ್ಪಬೇಕು:
ವೀಸಾದಲ್ಲಿ, ಬ್ಯಾಂಕಿನಲ್ಲಿ, ಬಾಡಿಗೆ ಕರಾರಿನಲ್ಲಿ.
ತಪ್ಪನ್ನು ತಪ್ಪದೆ ಬರೆಯುವುದು,
ನಾನು ಕಲಿತ ವಿದ್ಯೆ ಇಷ್ಟೇ.

ನಮಗೂ ಒಂದು ಸುತ್ತೋಲೆ ಬಂತು. ಟೋಕನ್ ಯಂತ್ರ ಬೇಕು,
ಅರವತ್ತು ಚದರ ಮೀಟರು ಜಾಗ ಬೇಕು, ಗಾಜಿನ ಬಾಗಿಲು ಬೇಕು,
ಸಿಬ್ಬಂದಿ ನಗುತ್ತಿರಬೇಕು ಎಂದೂ ಇತ್ತು.
ನನ್ನದು ಹದಿನಾಲ್ಕು ಮೀಟರು.
ನಗು ಹೇಗಾದರೂ ಹಿಡಿಸುತ್ತಿತ್ತು,
ಯಂತ್ರ ಹಿಡಿಸುವುದಿಲ್ಲ.

ಈಗೆಲ್ಲ ಆ್ಯಪಿನಲ್ಲಿ.
ಬೆಂಚಿನ ಮೇಲೆ ಕೂರುವವರಿಗೆ ಅರ್ಜಿಯಿಲ್ಲ,
ಏಸಿ ಬೇಕು, ಅಭಿಪ್ರಾಯವಿದೆ.

ಕೆಫೆಟೇರಿಯಾದ ಇದಿನಬ್ಬ:
"ನೂರು ದಿರ್ಹಾಮಿನ ಪರೋಟ ಹೋದರೆ
ಮೂವತ್ತು ಡೆಲಿವರಿ ಆ್ಯಪಿನ ಹೊಟ್ಟೆಗೆ.
ಬಾಕಿ ಬರೆಸಿ ಓಡಿಹೋದ ಗಿರಾಕಿಗಳೇ ವಾಸಿ,
ಅವರ ಮುಖವಾದರೂ ನೆನಪಿದೆ.
ಸರಕಾರ ಇದಕ್ಕೊಂದು ಕಾನೂನು ತರಬಾರದಾ?"
ಹೋದ ವಾರ ಮುನಿಸಿಪಾಲಿಟಿಯವರು
ಅಡುಗೆಯವನ ತಲೆಗೆ ಟೋಪಿಯಿಲ್ಲವೆಂದು ದಂಡ ಹಾಕಿದಾಗ
"ನನ್ನ ಅಂಗಡಿಯಲ್ಲಿ ಸರಕಾರಕ್ಕೇನು ಕೆಲಸ?"
ಎಂದವರೂ ಇವರೇ.
ನಾನು ನೆನಪಿಸಲಿಲ್ಲ. ಚಹಾ ಅವರದು.

ಸಲೂನಿನ ಫ್ಲೋಸಿ ಕುವೆಲ್ಲೊ ಜೆರಾಕ್ಸಿಗೆ ಕಾಯುತ್ತಿದ್ದಳು.
"ನಿಮಗೆಲ್ಲ ಆ್ಯಪ್ ಅಂದರೆ ಮಾರಿ.
ಮೂರು ತಿಂಗಳ ಸಂಬಳ ನಿಂತಾಗ
ರಾತ್ರಿ ಹನ್ನೆರಡಕ್ಕೆ ಬಾತ್‌ರೂಮಿನ ಚಿಲಕ ಹಾಕಿಕೊಂಡು
ಫೋನಿನಲ್ಲೇ ದೂರು ಒತ್ತಿದೆ. ಹತ್ತನೇ ದಿನ ದುಡ್ಡು ಬಂತು.
ಅದಕ್ಕೂ ಮೊದಲು ಇಲ್ಲಿಗೆ ಬಂದಿದ್ದೆ.
'ಯಜಮಾನಿ ಒಳ್ಳೆಯವಳು, ಸ್ವಲ್ಪ ತಾಳು' ಅಂದಿರಿ.
ಅದಕ್ಕೆ ಇಪ್ಪತ್ತು ತೆಗೆದುಕೊಂಡಿರಿ."

ನಾನು ಪ್ರಿಂಟರಿಗೆ ಕಾಗದ ತುಂಬಿದೆ.
ತುಂಬಿದ್ದನ್ನು ತೆಗೆದು ಮತ್ತೆ ತುಂಬಿದೆ.
ಆ ಯಜಮಾನಿಯ ಕಡತಗಳೆಲ್ಲ
ಆಗ ನನ್ನ ಮೇಜಿಗೇ ಬರುತ್ತಿದ್ದವು.

ಬುಧವಾರ ಪದ್ಮನಾಭರು ಬಂದು ಫೋನು ಮುಂದೆ ಹಿಡಿದರು.
ಮಗಳು ಉಡುಪಿಯಲ್ಲಿ ಕೂತೇ ಅರ್ಜಿ ತುಂಬಿಸಿದ್ದಾಳೆ.
ತಿರಸ್ಕೃತ. ಹೆಸರು ಹೊಂದುತ್ತಿಲ್ಲ.
ನೋಡಿದೆ. ಜಾಣ ಆ್ಯಪು
ಪಾರಸಿಯಿಂದ ಒಂದಕ್ಷರ ಕಡ ತಂದು
ಒಂದು ಚುಕ್ಕಿಯ ಜಾಗದಲ್ಲಿ ಮೂರು ಚುಕ್ಕಿಯಿಟ್ಟು
ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ
ಅವರ ಹೆಸರನ್ನು ಸರಿಯಾಗಿ ಬರೆದಿತ್ತು.

"ಇದಾ ನನ್ನ ಪ?"
ಬೆರಳಿಟ್ಟರು. ಗಾಜಿನ ಮೇಲೆ ಗ್ರೀಸಿನ ಗುರುತು.
"ಎರಡು ಕಡೆ ಎರಡೆರಡು ಚುಕ್ಕಿ ತೆಗೆದರೆ
ವೀಸಾ ಆಗುತ್ತದೆ" ಎಂದೆ.
"ತೆಗೆಯಿರಿ.
ತಡೆಯಿರಿ, ಮೊದಲು ಇದರದ್ದೊಂದು ಪ್ರಿಂಟ್ ಕೊಡಿ."

ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟರು.
ಆಮೇಲೆ ಅಳಿಸಿದೆ.
ಇಪ್ಪತ್ತು, ತೆರಿಗೆ ಒಂದು, ಒಟ್ಟು ಇಪ್ಪತ್ತೊಂದು.
ಬೆಂಚಿನಿಂದ ಇದಿನಬ್ಬ ತಲೆಯೆತ್ತದೆ ಕೇಳಿದರು:
"ರಸೀದಿ ಯಾವ ಹೆಸರಿಗೆ?"